ಹದಿನೈದು ದಿನ ನಿಂತ ಲಿಫ್ಟ್

ನನ್ನ ಎರಡೂ ಕಾಲು ಲಿಫ್ಟಿನ ಗುಂಡಿಯೊಳಗೆ ನೇತಾಡುತ್ತಿದ್ದವು.

ಎರಡನೇ ಮಹಡಿ. ಕೆಳಗೆ ಬರೀ ಕತ್ತಲೆ, ಗ್ರೀಸಿನ ವಾಸನೆ. ನನ್ನ ತೋಳು ಹಿಡಿದಿದ್ದವರು ಇಬ್ಬರು. ಲಿಫ್ಟ್ ರಿಪೇರಿಯವರೆಂದು ನಾನೇ ಕರೆತಂದು ಕೂರಿಸಿದವರು! ಅಂಗಿಯ ಜೇಬಿನಿಂದ ಸೊಸೈಟಿಯ ರಬ್ಬರ್ ಸ್ಟಾಂಪು ಜಾರಿತು. ಅದು ತಳ ಮುಟ್ಟಿ ಟಪ್ ಎನ್ನುವಷ್ಟರಲ್ಲಿ ನಾನು ಮನೆದೇವರನ್ನು ಎರಡು ಸಲ ನೆನೆದಿದ್ದೆ.

“ಘಾಗ್‌ಭಾಯ್, ನಕಲಿನ ಮೇಲೆ ಸ್ಟಾಂಪ್ ಹೊಡೆದೆಯಂತೆ?” ಸೆಕ್ರೆಟರಿ ಭಾಯಾಣಿ ಸೋಂಪು ಅಗಿಯುತ್ತ ಕೇಳಿದ.

“ಹೊಡೆದೆ ಸೇಠ್.”

“ತಾರೀಖು?”

“ಹಾಕಿದೆ.”

“ಸಹಿ?”

ನಾನು ಕೆಳಗಿನ ಕತ್ತಲೆಯತ್ತ ನೋಡಿದೆ.

“ಸಹಿನೂ ಮಾಡಿದಾನೆ ನೋಡ್ರೋ. ಅಕ್ಷರ ಮುತ್ತಿನ ಹಾಗಿರುತ್ತೆ ಇವನದು.”

ಮೊದಲಿನಿಂದ ಹೇಳುತ್ತೇನೆ, ಕೇಳಿ.

ನಾನು ಗುಮಾಸ್ತನಾಗಿರುವ, ಮುಂಬಯಿ ಮಜಗಾಂವಿನ ಈ ಹೌಸಿಂಗ್ ಸೊಸೈಟಿಯಲ್ಲಿ ನಾಲ್ಕನೇ ಮಹಡಿಯ ಹದಿನಾಲ್ಕನೇ ನಂಬರು ಎರ್ಮೆಲಿಂಡಾ ಆಂಟಿಯದು. ಗಂಡ ಸಾಯುವಾಗ ಅವಳಿಗೆ ಬಿಟ್ಟುಹೋದ ಮನೆ. ಮನೆ ಅವಳದೆನ್ನುವ ಶೇರ್ ಸರ್ಟಿಫಿಕೇಟು ಅವಳ ಕಬ್ಬಿಣದ ಪೆಟ್ಟಿಗೆಯಲ್ಲಿತ್ತು. ಮನೆ ಮೇಲೆ ಭಾಯಾಣಿಯ ಕಣ್ಣಿತ್ತು. ಉಪಾಯ ಸುಲಭ. ‘ಸರ್ಟಿಫಿಕೇಟು ಕಳೆದಿದೆ, ಆಕ್ಷೇಪಣೆ ಇದ್ದವರು ಹದಿನೈದು ದಿನದೊಳಗೆ ಬರೆದು ಕೊಡಿ’ ಎಂದು ಕೆಳಗಿನ ಬೋರ್ಡಿಗೆ ಒಂದು ನೋಟಿಸು. ಯಾರೂ ಬರೆದು ಕೊಡದಿದ್ದರೆ ಹಳೆಯದು ರದ್ದು, ಹೊಸದು ಭಾಯಾಣಿಯ ಭಾವಮೈದುನನ ಹೆಸರಿಗೆ. ಆಮೇಲೆ ಆಂಟಿ ಆ ಮನೆಯಲ್ಲಿ ಬರೀ ಇರುವವಳು. ಮನೆ ಅವಳದಲ್ಲ.

ಆಂಟಿಗೆ ಮಂಡಿನೋವು. ಲಿಫ್ಟ್ ನಿಂತರೆ ಇಳಿಯಲಾರಳು, ನೋಟಿಸು ಓದಲಾರಳು. ಹಾಗಾಗಿ ಭಾಯಾಣಿ ಹೇಳಿದಂತೆ ಲಿಫ್ಟ್ ನಿಲ್ಲಿಸಿದೆ. ಹದಿನೈದು ದಿನ.

ಅವಳು ಪಾವ್, ಮೀನು ಎಲ್ಲವನ್ನೂ ಕಿಟಕಿಯಿಂದ ಬುಟ್ಟಿ ಇಳಿಬಿಟ್ಟೇ ತರಿಸಿಕೊಂಡಳು. ಕೊನೆಯ ದಿನ ಬೆಳಿಗ್ಗೆ ಪೋಸ್ಟ್‌ಮನ್ ಹತ್ತಿಹೋಗಿ ನೋಟಿಸಿನ ಮಾತು ಹೇಳಿಬಿಟ್ಟ. ಹತ್ತು ಗಂಟೆಗೆ ಬುಟ್ಟಿ ಇಳಿಯಿತು. ಒಳಗೆ ಆಕ್ಷೇಪಣೆಯ ಕಾಗದ. ಜೊತೆಗೊಂದು ನಕಲು.

“ಒಂದು ನೀನು ಇಟ್ಕೋ ಪುತಾ, ಇನ್ನೊಂದಕ್ಕೆ ಸ್ಟಾಂಪ್ ಹಾಕಿ ಕಳ್ಸು,” ಮೇಲಿನಿಂದ ಕೂಗಿದಳು.

ಪಕ್ಕದಲ್ಲೇ ನಿಂತಿದ್ದ ಮೀನು ಮಾರುವವಳು ನೋಡುತ್ತಿದ್ದಳು, ಇಲ್ಲವೆನ್ನುವಂತಿರಲಿಲ್ಲ. ಇಪ್ಪತ್ತೆರಡು ವರ್ಷ ಗುಮಾಸ್ತನಾಗಿದ್ದ ಕೈ ನನ್ನದು. ನಕಲು ಕಂಡರೆ ತಾನೇ ಒತ್ತುತ್ತದೆ. ಬುಟ್ಟಿ ಮೇಲೇರಿದ ಮೇಲೆ ಮೂಲ ಕಾಗದದಿಂದ ಬೀಡಿ ಹಚ್ಚಿದೆ. ಹಚ್ಚಿದ ಮೇಲೆ ತಿಳಿಯಿತು... ಮೂಲ ಸುಟ್ಟರೂ ಸ್ಟಾಂಪು ಬಿದ್ದ ನಕಲು ಸಾಯುವುದಿಲ್ಲ!

“ಹನ್ನೆರಡಕ್ಕೆ ಗಡುವು,” ಲಿಫ್ಟಿನ ಗುಂಡಿಯ ಅಂಚಿನಲ್ಲಿ ನಿಂತ ಭಾಯಾಣಿ ಗಡಿಯಾರ ನೋಡಿದ. “ನಕಲು ತಂದ್ರೆ ಮೆಟ್ಟಿಲಲ್ಲಿ ಇಳಿ. ಇಲ್ಲಾಂದ್ರೆ ಹೀಗೇ ಇಳಿ.”

ಹತ್ತು ನಿಮಿಷ ಉಳಿದಿತ್ತು. ಆ ಇಬ್ಬರು ನನ್ನನ್ನು ಮೇಲೆಳೆದು ಬಿಟ್ಟರು. ಓಡಿದೆ. ಮೂರನೇ ಮಹಡಿಯಲ್ಲಿ, ಎರಡನೇ ಟಪಾಲಿಗೆ ಬಂದಿದ್ದ ಪೋಸ್ಟ್‌ಮನ್ ಮೇಲಿನಿಂದ ಇಳಿಯುತ್ತ ಎದುರಾದ. ಕಾಲರ್ ಹಿಡಿದು ಗೋಡೆಗೆ ಒತ್ತಿದೆ.

“ಆಂಟಿ ಕಾಗದ ಏನಾದ್ರೂ ಕೊಟ್ಟರಾ?”

“ಚಹಾ ಕೊಟ್ರು... ಬಿಡಪ್ಪಾ.”

ಬಿಟ್ಟೆ.

ಆಂಟಿಯ ಮನೆಯಲ್ಲಿ ನಕಲು ಮೇರಿ ಮಾತೆಯ ಪಾದದಡಿಯಲ್ಲಿತ್ತು. ಮುಂದೆ ಒಂದು ಮೇಣದಬತ್ತಿ, ಗಾಳಿಯಿಲ್ಲದ ಕೋಣೆಯಲ್ಲಿ ಕದಲದೆ ಉರಿಯುತ್ತಿತ್ತು. ಅಂಥ ಬೆಳಕಿನ ಎದುರು ಸುಳ್ಳು ಹೇಳಲು ನಾಲಿಗೆ ತಡವರಿಸುತ್ತದೆ ಅನ್ನುತ್ತಾರೆ. ನನ್ನದು ತಡವರಿಸಲಿಲ್ಲ.

“ತಾರೀಖು ಮಸುಕಾಗಿದೆ ಆಂಟಿ. ಇನ್ನೊಂದ್ಸಲ ಒತ್ತಿ ತರ್ತೀನಿ.”

“ಮತ್ತೆ ನಾಲ್ಕು ಮಹಡಿ ಹತ್ತಬೇಕಲ್ಲೋ ನೀನು.”

“ಪರವಾಗಿಲ್ಲ.”

ಅವಳು ಕಾಗದವನ್ನು ಕಣ್ಣಿಗೊತ್ತಿ ಕೊಟ್ಟಳು. “ನಿನ್ನ ಮನೆ ತಣ್ಣಗಿರ್ಲಿ ಪುತಾ.”

ಮಹಡಿಗೊಂದು ತುಂಡು ಹರಿದು ಎಸೆಯುತ್ತ ಇಳಿದೆ. ಕೆಳಗೆ ಬಂದಾಗ ಹನ್ನೆರಡಾಗಿ ಎರಡು ನಿಮಿಷ.

ಅಷ್ಟರಲ್ಲಿ ಕೆಳಗಿಳಿದಿದ್ದ ಭಾಯಾಣಿ, ನಕಲು ಚೂರಾದದ್ದು ಕೇಳಿ, ಬೆನ್ನು ತಟ್ಟಿದ. ಆಮೇಲೆ ಕೈ ಚಾಚಿದ. “ನಿನ್ನ ರೂಮಿನ ಬೀಗದಕೈ.”

“ಯಾಕೆ ಸೇಠ್?”

“ನೋಟಿಸ್ ಓದಿಲ್ವಾ?”

ನೆಲಮಹಡಿಯ ಎರಡನೇ ನಂಬರು ನನ್ನದು. ಅಪ್ಪ ಗಿರಣಿಯಲ್ಲಿ ಎದೆ ಸವೆಸಿ ಮಾಡಿದ ಕೋಣೆ. ಬೋರ್ಡಿನ ಹತ್ತಿರ ಹೋದೆ. ಮೇಲಿನ ಸಾಲಿನಲ್ಲಿ ಹದಿನಾಲ್ಕು. ಕೆಳಗಿನ ಸಾಲಿನಲ್ಲಿ ಎರಡು.

ಗೋಂದು ಹಚ್ಚಿ ಅಂಟಿಸಿದವನು ನಾನೇ. ಹದಿನೈದು ದಿನ ಅದನ್ನು ಕಾದವನೂ ನಾನೇ. ಓದಿದ್ದು ಮಾತ್ರ ಒಂದೇ ಸಾಲು.

“ಆಕ್ಷೇಪಣೆ ಈಗಲೇ ಬರ್ದು ಕೊಡ್ತೀನಿ... ಹನ್ನೆರಡಕ್ಕೆ ಮುಂಚೆ ಕೊಟ್ಟಿದ್ದು ಅಂತ ಒತ್ತೋಣ ಸೇಠ್.”

“ಒತ್ತು,” ಎಂದ ಭಾಯಾಣಿ. “ಸ್ಟಾಂಪ್ ಎಲ್ಲಿ?”

ಜೇಬು ಮುಟ್ಟಿಕೊಂಡೆ. ಗುಂಡಿಯ ತಳದಲ್ಲಿ ಬಿದ್ದದ್ದು ನೆನಪಾಯಿತು. ಅಷ್ಟರಲ್ಲಿ ಆ ಇಬ್ಬರು ಸ್ವಿಚ್ ಹಾಕಿದರು. ಲಿಫ್ಟ್ ಗುರ್ ಎಂದು ಮೇಲಿನಿಂದ ಇಳಿಯತೊಡಗಿತು.

ವಾರ ಕಳೆದ ಮೇಲೆ ಆಂಟಿಯ ಕಬ್ಬಿಣದ ಪೆಟ್ಟಿಗೆ ಇಳಿದದ್ದು ಅದರಲ್ಲೇ. ನನ್ನದು ನೆಲಮಹಡಿ ನೋಡಿ... ಲಿಫ್ಟೂ ಬೇಕಾಗಲಿಲ್ಲ.