ಗುಡ್ಡ ಸಿಗದ ಸೈನ್ಯ

"ಇದು ಮೋಸ," ಎಂದಳು ಕಿಡಿ. "ಇನ್ನೊಂದ್ಸಲ ಹಾಕು."

"ಬಿದ್ದಿದ್ದು ಬಿತ್ತು," ಎಂದು ಅಣ್ಣ ದಾಳಗಳನ್ನು ಮುಷ್ಟಿಯಲ್ಲಿ ಅಡಗಿಸಿಕೊಂಡ. "ಅಳೋದಾದ್ರೆ ಆಡ್ಬೇಡ."

"ಯಾರ್ ಅಳ್ತಿರೋದು?"

ಯಾರೂ ಅಳುತ್ತಿರಲಿಲ್ಲ. ಆದರೆ ಕಿಡಿಯ ಕಿವಿಗಳು ಕೆಂಪಾಗಿದ್ದವು. ಸಿಟ್ಟು ಬಂದರೆ ಅವಳಿಗೆ ಮೊದಲು ಕಿವಿಯೇ ಕಾಯುವುದು.

ಅಮ್ಮ ಬಟ್ಟೆ ಕತ್ತರಿಸುವ ಮೇಜು ರಜಾದಿನದಲ್ಲಿ ಮಕ್ಕಳ ಯುದ್ಧಭೂಮಿ. ಹಳೆಯ ಹೊದಿಕೆಯ ಮೇಲೆ ಸೀಮೆಸುಣ್ಣದಿಂದ ಚೌಕಾಕಾರದ ಮನೆಗಳು, ಒಂದು ಗುಡ್ಡ, ಒಂದು ಹೊಳೆ. ಹೊಳೆಗೆ ಇಳಿಯಲು ಒಂದೇ ಕಡೆ ಮೆಟ್ಟಿಲು. ಅಂಗಿಯ ಗುಂಡಿಗಳೇ ಸೈನಿಕರು: ಕಿಡಿಗೆ ಕೆಂಪು, ಅಣ್ಣನಿಗೆ ಕಪ್ಪು, ಪಕ್ಕದ ಮನೆಯ ಲಂಬುವಿಗೆ ಬಿಳಿ. ತಲೆಗೆ ಆರಾರು. ಆಟದ ಶುರುವಿನಲ್ಲಿ ಯಾವ ಗುಂಡಿ ಯಾವ ಮನೆಯಲ್ಲಿ ನಿಲ್ಲಬೇಕೆಂದು ಹೇಳುವುದು ಮಾತ್ರ ದಾಳ.

ಕಿಡಿ ವಾರವೆಲ್ಲ ಒಂದೇ ಪ್ಲಾನ್ ಮಾಡಿದ್ದಳು. ಗುಡ್ಡ ಹಿಡಿಯುವುದು, ಬಿಡದಿರುವುದು. ಹೊಡೆದಾಟದಲ್ಲಿ ಮೇಲಿದ್ದವರಿಗೆ ದಾಳದಲ್ಲಿ ಒಂದು ಹೆಚ್ಚು ಸಿಗುತ್ತದಲ್ಲ. ಕಳೆದ ಎರಡು ಆಟದಲ್ಲೂ ಅವಳೇ ಮೊದಲು ಔಟ್ ಆಗಿದ್ದಳು. ಈ ಸಲವೂ ಹಾಗಾದರೆ ಮುಂದಿನ ಆಟದಿಂದ ಅವಳಿಗೆ ಸೈನ್ಯವಿಲ್ಲ, ಪಕ್ಕದಲ್ಲಿ ಕೂತು ದಾಳ ಹಾಕಿಕೊಡುವ ಕೆಲಸ ಅಷ್ಟೇ ಎಂದು ಇಬ್ಬರೂ ತೀರ್ಮಾನಿಸಿದ್ದರು.

ಈಗ ನೋಡಿದರೆ ಗುಡ್ಡದ ಮೇಲೆ ಅಣ್ಣನ ಕಪ್ಪು ಗುಂಡಿಗಳು. ಅವಳ ನಾಲ್ಕು ಗುಂಡಿಗಳು ದಿಕ್ಕಿಗೊಂದು. ಇನ್ನೆರಡು ದೂರದಲ್ಲಿ, ಹೊಳೆಯ ಮೆಟ್ಟಿಲ ಮೇಲೆ.

"ಬಟ್ಟೆ ಒಗೆಯೋಕೆ ಕಳಿಸಿದ್ದೀಯಾ?" ಎಂದ ಅಣ್ಣ.

ಲಂಬು ನಕ್ಕ. ಕಿಡಿಗೆ ಮೈಯೆಲ್ಲ ಉರಿಯಿತು. ಹತ್ತಿರವಿದ್ದ ಗುಂಡಿಯನ್ನು ಟಪ್ಪೆಂದು ಗುಡ್ಡಕ್ಕೆ ನುಗ್ಗಿಸಿದಳು. ಹೋಯಿತು. ಅದರ ಹಿಂದೆಯೇ ಇನ್ನೊಂದು. ಅದೂ ಹೋಯಿತು. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅಮ್ಮ, ಮೇಜು ಮುರಿದೀತು ಎಂದು ತಲೆ ಎತ್ತದೆಯೇ ಗದರಿದಳು. ಕಿಡಿ ಕೇಳಿಸಿಕೊಳ್ಳಲಿಲ್ಲ. ಮೂರನೆಯದು, ನಾಲ್ಕನೆಯದು. ಅಣ್ಣ ಸತ್ತ ಗುಂಡಿಗಳನ್ನು ಒಂದರ ಮೇಲೊಂದು ಪೇರಿಸಿ ಗೋಪುರ ಕಟ್ಟಿದ.

ಉಳಿದ ಎರಡನ್ನೂ ನುಗ್ಗಿಸಿಬಿಡುತ್ತಿದ್ದಳೇನೋ. ಆದರೆ ಅವು ದೂರದಲ್ಲಿದ್ದವು. ಗುಡ್ಡಕ್ಕೆ ಎಷ್ಟು ಮನೆ ಎಂದು ನೋಡಲು ಅವಳು ಬಗ್ಗಿದಳು. ಬಗ್ಗಿದವಳು ಹಾಗೇ ನಿಂತಳು.

ಗುಡ್ಡದ ಮೇಲೆ ನೀರಿಲ್ಲ. ಮೂರು ಸರದಿಗೊಮ್ಮೆ ಮೇಲಿನವರಲ್ಲಿ ಒಬ್ಬ ಇಳಿದು ಹೊಳೆ ಮುಟ್ಟಬೇಕು. ಇಲ್ಲದಿದ್ದರೆ ಸರದಿಗೊಬ್ಬ ಬಾಯಾರಿ ಸಾಯುತ್ತಾನೆ. ಹೋದ ತಿಂಗಳು ಈ ರೂಲ್ ಸೇರಿಸಿದವನು ಅಣ್ಣನೇ.

ಅವಳು ಗುಂಡಿಯಿಂದ ಕೈ ತೆಗೆದಳು. "ನಾನು ಇಲ್ಲೇ ಇರ್ತೀನಿ. ಪಾಸ್."

"ಹೆದರ್ಕೊಂಡ್ಳು," ಎಂದ ಅಣ್ಣ. ಆಮೇಲೆ ಮೆಟ್ಟಿಲ ಕಡೆ ನೋಡಿದ. ಮತ್ತೆ ನಗಲಿಲ್ಲ.

ಅವನು ಇಳಿಸಿದ ಮೊದಲ ಗುಂಡಿಯನ್ನು ಕಿಡಿಯ ದಾಳಕ್ಕೆ ಬಿದ್ದ ಐದು ಹೊಡೆಯಿತು. ಎರಡನೆಯದು ಅವಳದ್ದೊಂದನ್ನು ತೆಗೆಯಿತು, ಮರುಸರದಿಗೆ ತಾನೂ ಬಿತ್ತು. ಮೇಲಿದ್ದವರು ಬಾಯಾರಿ ಒಬ್ಬೊಬ್ಬರಾಗಿ ಸತ್ತರು. ಕೊನೆಯವನನ್ನು ಲಂಬು ಹಿಂದಿನಿಂದ ಬಂದು, ತನ್ನದೊಂದು ಗುಂಡಿ ಕಳೆದುಕೊಂಡು, ಮುಗಿಸಿದ.

ಅಣ್ಣ ಔಟ್. ಎಲ್ಲರಿಗಿಂತ ಮೊದಲು.

ಅವನು ಕುರ್ಚಿ ಹಿಂದಕ್ಕೆ ತಳ್ಳಿದ. ಕೆಂಪು ಗೋಪುರ ಉರುಳಿತು. ಆ ನಾಲ್ಕು ಗುಂಡಿಗಳು ಮೇಜಿನಂಚಿನವರೆಗೂ ಹೋಗಿ ನಿಂತವು. ಕಿಡಿ ಅವನ್ನೇ ನೋಡಿದಳು. ಅವನ್ನು ಕಳೆದದ್ದು ದಾಳವಲ್ಲ, ತನ್ನದೇ ಅವಸರ.

"ನಂದು ಐದಿವೆ, ನಿಂದು ಒಂದು," ಎಂದ ಲಂಬು. "ಸೋತೆ ಅಂತ ಒಪ್ಕೋತೀಯಾ?"

ಕಿವಿ ಇನ್ನೂ ಬಿಸಿಯಾಗಿಯೇ ಇತ್ತು. ಆದರೂ ಅವಳು ಅವಸರ ಮಾಡಲಿಲ್ಲ. ಮೆಟ್ಟಿಲ ಮೇಲಿನ ಒಂಟಿ ಗುಂಡಿಯ ಪಕ್ಕ ಬೆರಳಿಟ್ಟು, ಅದು ನಿಂತಲ್ಲಿಂದಲೇ ಮನೆಗಳನ್ನು ಎಣಿಸತೊಡಗಿದಳು.

"ತಾಳು," ಎಂದಳು. "ನೋಡ್ತಿದ್ದೀನಿ."