ಬಾಯಿ ಮುಚ್ಚಿದ್ದಕ್ಕೂ ಪಗಾರ

"ನಿಲ್ಲಸಬ್ಯಾಡ್ರಿ! ಇನ್ನೊಂದು ರೊಟ್ಟಿ ಬಡೀರಿ..."

ಬ್ರಹ್ಮಪುರದ ಆ ಖಾನಾವಳಿಯ ಅಡುಗೆಮನೆಗೆ ಗಂಡಸರು ಕಾಲಿಡುವುದಿಲ್ಲ. ಅಂಥದ್ದರಲ್ಲಿ ಊಟಕ್ಕೆ ಕೂತಿದ್ದವನೊಬ್ಬ ಎಂಜಲು ಕೈಯಲ್ಲೇ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದ! ಮುಖ ಬಿಳಿಚಿಕೊಂಡಿತ್ತು.

ಬಂಡೆಮ್ಮನ ಅಂಗೈ ಹಿಟ್ಟಿನ ಮೇಲೆಯೇ ನಿಂತುಬಿಟ್ಟಿತು. ಗಂಡ ಸತ್ತ ಮೇಲೆ ಅವಳ ಹೊಟ್ಟೆ ಹೊರೆದದ್ದು ಈ ರೊಟ್ಟಿಯೇ. ಅದರ ಸಪ್ಪಳಕ್ಕೆ ಯಾರೂ ಹೀಗೆ ಹೆದರಿರಲಿಲ್ಲ.

ಅವನು ಕಮಲಾಪುರದ ಅಣವೀರಪ್ಪ, ಕೆಂಪು ಬಾಳೆ ತೋಟದ ಧಣಿ. ಕೈ ತೊಳೆದು ಬಂದವನೇ ಕೆಲಸದ ಮಾತೆತ್ತಿದ.

"ನಮ್ಮ ಮನಿಗಿ ರೊಟ್ಟಿ ಬಡ್ಯಾಕ ಬರ್ತೀರೇನ್ರಿ? ತಿಂಗಳಿಗಿ ಆರು ರೂಪಾಯಿ."

"ಹತ್ತು," ಎಂದಳು ಬಂಡೆಮ್ಮ, ಇಳಿಸಿ ಕೇಳಲಿ ಎಂದೇ.

"ಆಯ್ತ್ರಿ."

ನಿಜಾಮ ಸರ್ಕಾರದ ಜವಾನನಿಗೂ ಅಷ್ಟು ಸಿಗುತ್ತಿರಲಿಲ್ಲ!

"ವರ್ಷಕ್ಕ ಎರಡು ಇಳಕಲ್ ಸೀರಿ."

"ಆಯ್ತ್ರಿ."

"ಪಂಚಮಿಗಿ ರಜಾ. ಮಲಗಾಕ ಒಳಗ ಚಿಲಕ ಇರೋ ಖೋಲಿ."

"ಆಯ್ತ್ರಿ."

ಚೌಕಾಸಿ ಮಾಡುವ ಧಣಿಯನ್ನು ನಂಬಬಹುದು... ಕೇಳಿದ್ದಕ್ಕೆಲ್ಲ ಹೂಂ ಅನ್ನುವವನನ್ನು?

"ಇಷ್ಟಕ್ಕ ನಾ ಏನ್ ಮಾಡ್ಬೇಕ್ರಿ?"

"ಸತ್ತಾಕಿ ಆಗ್ಬೇಕು."

ಅವನ ಹೆಂಡತಿ ಜಯದೇವಿ ಹುಟ್ಟು ಮೂಕಿ. ತವರಿಗೆ ಹೋದವಳು ಅಲ್ಲೇ ಪ್ಲೇಗಿಗೆ ಬಲಿಯಾಗಿದ್ದಳು. ಕಣ್ಣಿಲ್ಲದ ತನ್ನ ತಾಯಿ ಮಲ್ಕಮ್ಮನಿಗೆ ಅವನು ಹೇಳಿರಲಿಲ್ಲ. ಹೇಳಿದರೆ ಆ ಜೀವ ಉಳಿಯದೆಂಬ ಭಯ. ಮುದುಕಿಗೆ ಸೊಸೆಯ ಗುರುತೆಂದರೆ ಗೆಜ್ಜೆ ಮತ್ತು ರೊಟ್ಟಿ ಬಡಿಯುವ ಸಪ್ಪಳ. ಬಂಡೆಮ್ಮನ ಕೈಯಲ್ಲಿ ಅದೇ ಸಪ್ಪಳವಿತ್ತು!

"ಬಾಯಿ ಬಿಡೋ ಹಂಗಿಲ್ರಿ."

"ಹಂಗಾದ್ರ ಬಾಯಿ ಮುಚ್ಚಿದ್ದಕ್ಕ ಇನ್ನೆರಡು."

ಅವನು ಮೊದಲ ಸಲ ನಕ್ಕ. ಹುಚ್ಚು ಹುಡುಗಿ, ಆ ನಗುವಿಗೇ ಒಪ್ಪಿಕೊಂಡಳು.

ಕಮಲಾಪುರದಲ್ಲಿ, ತವರಿನವರು ಕಳಿಸಿದ್ದ ಜಯದೇವಿಯ ಗೆಜ್ಜೆ ಅವಳ ಕಾಲಿಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಕತ್ತಲ ಖೋಲಿಯಿಂದ ಮಲ್ಕಮ್ಮ ಕೈಚಾಚಿದಳು.

"ಬಂದ್ಯಾ ಜಯದೇವಿ? ಭಾಳ ದೂರ ಹೋಗಿದ್ದೆಲ್ಲಾ ನನ್ನವ್ವ..."

ಬಂಡೆಮ್ಮ ಬಾಯಿ ಬಿಡದೆ ಆ ಕೈ ಹಿಡಿದಳು.

ದಿನ ಕಳೆದಂತೆ, ಗುರುತಿಲ್ಲದ ಆ ಮನೆಯಲ್ಲಿ ಉಪ್ಪಿನ ಗಡಿಗೆಗೆ ಅವಳ ಕೈ ತಾನೇ ಹೋಗತೊಡಗಿತು. ಅವಳು ನಿಂತ ಮೇಲೂ ಗೆಜ್ಜೆ ಇನ್ನೊಂದು ಹೆಜ್ಜೆ ಸದ್ದು ಮಾಡುತ್ತಿತ್ತು. ಅಣವೀರಪ್ಪ ಬಾಗಿಲಿಗೆ ಒರಗಿ, ಕಣ್ಣು ಮುಚ್ಚಿ ರೊಟ್ಟಿಯ ಸಪ್ಪಳ ಕೇಳುತ್ತಿದ್ದ.

'ನನ್ನ ಕೈಯಾಗ ಆಕಿನ್ನ ಹುಡುಕಾಕತ್ಯಾನ...' ಎಂದುಕೊಂಡಳು ಬಂಡೆಮ್ಮ. ಅವನನ್ನು ಪ್ರೀತಿಸಿಬಿಟ್ಟಿದ್ದಳು. ಆದರೆ ಸತ್ತವಳ ಜೊತೆ ಜಗಳ ಆಡುವುದು ಹೇಗೆ?

ಒಂದು ಮಧ್ಯಾಹ್ನ, ಬಾವಿಯ ಬಳಿ ಯಾರೂ ಇಲ್ಲವೆಂದು ಹಾಡಲು ಬಾಯಿ ತೆರೆದಳು. ದನಿ ಬರಲಿಲ್ಲ! ಎಷ್ಟು ಹೆಣಗಿದರೂ ಬರೀ ಗಾಳಿ. ನೀರಿನಲ್ಲಿ ಕಂಡ ಮುಖ ತನ್ನದೇ ಎಂಬ ಖಾತ್ರಿಯೂ ಅವಳಿಗಿರಲಿಲ್ಲ.

ಸಂಜೆ ಗೆಜ್ಜೆ ಬಿಚ್ಚಿ ಅವನ ಮುಂದಿಟ್ಟಳು. ಹೇಗೋ ಪಿಸುದನಿ ಹೊರಟಿತು.

"ನಾ ಹೋಗ್ತೀನ್ರಿ."

"ಪಗಾರ ಹೆಚ್ಚು ಮಾಡ್ತೀನಿ! ಹದಿನೈದು..."

"ರೊಕ್ಕ ಬ್ಯಾಡ್ರಿ. ದಿನಕ್ಕ ಒಂದ್ಸಲ ನನ್ನ ಹೆಸರು ಹಿಡದು ಕರೀರಿ. ಅಷ್ಟ ಸಾಕು."

ಎಲ್ಲಕ್ಕೂ ಒಪ್ಪಿದ್ದವನು ಇದಕ್ಕೆ ತಲೆ ತಗ್ಗಿಸಿದ. ಬಂಡೆಮ್ಮ ಬಟ್ಟೆಯ ಗಂಟು ಎತ್ತಿಕೊಂಡಳು.

"ಕರಿಯೋ ಅಣವೀರ!"

ಒಳಗಿನಿಂದ ಮಲ್ಕಮ್ಮನ ದನಿ!

"ಆಕಿ ನನ್ನ ಸೊಸಿ ಅಲ್ಲಂತ ನನಗ ಗೊತ್ತದ. ಜಯದೇವಿ ಸತ್ತ ದಿನಾನೇ ಗೆಜ್ಜಿ ಸಪ್ಪಳ ಮಾಡ್ಕೋತ ಬಂದು ಬಾಗಿಲ್ದಾಗ ನಿಂತು 'ಅತ್ತೀ' ಅಂದಳು. ಹುಟ್ಟು ಮೂಕಿ ಮಾತಾಡಿದಳಂದ್ರ, ಸತ್ತಾಳಂತ ತಿಳೀಲಿಲ್ಲೇನು ನನಗ? ನಿನ್ನ ಸಮಾಧಾನಕ್ಕ ಸುಮ್ಮನಿದ್ದೆ."

ಅಣವೀರಪ್ಪ ಬಂಡೆಮ್ಮನ ಕಡೆ ತಿರುಗಿದ.

"ನಾ ಕಣ್ಣು ಮುಚ್ಚತಿದ್ದದ್ದು ಆಕಿ ನೆನಪಿಗಲ್ರಿ. ತೆರದ್ರ ನಿಮ್ಮನ್ನ ನೋಡ್ತೀನಿ... ನೋಡಿದ್ರ ಆಕಿಗಿ ಮೋಸ ಮಾಡಿದಂಗ ಅಂತ ಅಂಜತಿದ್ದೆ."

ಅವನು ಅವಳನ್ನು ನೇರವಾಗಿ ನೋಡಿದ.

"ಬಂಡೆಮ್ಮ..."

ನೆಲದ ಮೇಲಿನ ಗೆಜ್ಜೆ ಕದಲಲಿಲ್ಲ. ಆದರೂ ಗೆಜ್ಜೆಯ ಸಪ್ಪಳವೊಂದು ಮೆಲ್ಲಗೆ ಹೊಸ್ತಿಲು ದಾಟಿ ಹೊರಗೆ ಹೋಯಿತು. ಮೂವರಿಗೂ ಅದು ಕೇಳಿಸಿತು.

"ಓ..." ಎಂದಳು ಬಂಡೆಮ್ಮ. ಗಂಟಲು ತುಂಬಿ ಅವಳದೇ ದನಿ ಬಂತು! "ಇನ್ನೊಮ್ಮೆ ಕರೀರಿ."

"ದಿನಕ್ಕ ಒಂದ್ಸಲ ಅಂದಿದ್ರಿ..."

"ಅದು ಕೆಲಸದಾಕಿ ಮಾತಿತ್ತು," ಅವಳು ಅಳುತ್ತಲೇ ನಕ್ಕಳು. "ಇನ್ನ ಮ್ಯಾಲ ಲೆಕ್ಕ ಇಡಬ್ಯಾಡ್ರಿ."