ಬೀರೇಶ ಕೇಳದ ಪ್ರಶ್ನೆ

"ಸಸಿ ಏನು ಕಬ್ಬಿಣದ ಸಳಿ ಅಂತ ತಿಳಿದಾರೇನು? ಯಾರ್ರಿ ಇದನ್ನ ಕಂಪ್ಯೂಟರ್ ಮುಂದ ಕುಂತು ಮಾಡಿದವ್ರು?"

ಖಾನಾಪುರದ ತಮ್ಮಣ್ಣನ ಗದ್ದೆಯ ಕೆಸರಿನಲ್ಲಿ ನಿಂತು ಹೀಗೆ ಕೂಗಿದವನು ಬೀರೇಶ. ಭತ್ತದ ನಾಟಿ ಯಂತ್ರ ತಯಾರಿಸುವ ಕಂಪನಿಗೆ ಹೊಸದಾಗಿ ಸೇರಿದ್ದ ಎಂಜಿನಿಯರ್. ಅವನ ಅಂಗೈ ತುಂಬಾ ಮುರಿದ ಸಸಿಗಳು. ಯಂತ್ರದ ರಬ್ಬರ್ ಬೆರಳುಗಳು ಹಿಡಿದ ಸಸಿಯನ್ನೆಲ್ಲ ಹಿಸುಕಿ ಹಾಕಿದ್ದವು.

ಬದುವಿನ ಮೇಲಿದ್ದ ಸುಹಾಸಿನಿಯ ಮುಖ ಕೆಂಪೇರಿತು. ಅದೇ ಕಂಪನಿಯ ಆಫೀಸಿನಲ್ಲಿ ಯಂತ್ರದ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಹಾಕುವವಳು ಅವಳು.

"ನಾನ ಮಾಡಿದ್ದು. ಏನೀಗ?"

ಬೀರೇಶ ಬೆಪ್ಪಾದ. ಸುತ್ತ ನಿಂತ ರೈತರು ಕಿಸಕ್ಕನೆ ನಕ್ಕರು. ಅಷ್ಟು ಜನರೆದುರು ಆದ ಅವಮಾನಕ್ಕೆ ಅವಳ ಕಣ್ಣು ತುಂಬಿತು... ಅದು ಅವನಿಗೆ ಕಂಡುಬಿಟ್ಟಿತು!

ನಿಜಕ್ಕೂ ತಪ್ಪು ಅವಳೊಬ್ಬಳದೇ ಅಲ್ಲ. ರಬ್ಬರ್ ಬೆರಳೂ ಮೆತ್ತಗೆ, ಸಸಿಯೂ ಮೆತ್ತಗೆ. ಅಂಥ ಎರಡು ವಸ್ತುಗಳು ತಾಗುವುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವಾಗ ಒಂದು ಇನ್ನೊಂದರೊಳಗೆ ಕೂದಲೆಳೆಯಷ್ಟು ಇಳಿಯಲು ಬಿಡಬೇಕು. ಇಳಿದದ್ದೆಷ್ಟು ಎಂಬುದರಿಂದಲೇ ಒತ್ತಡ ಎಷ್ಟೆಂದು ತಿಳಿಯುವುದು. ಆದರೆ ಕಂಪನಿಯ ಮಾಲೀಕ ಧನ್ಯಕುಮಾರ ಅವರಿಗೆ ಅದು ಕಣ್ಣಿಗೆ ಚೆನ್ನಾಗಿ ಕಾಣಲಿಲ್ಲ.

"ಬೆರಳು ಸಸಿಯೊಳಗ ಹೊಕ್ಕಂಗ ಕಾಣ್ತೈತಲ್ಲವಾ! ಗಿರಾಕಿ ನೋಡಿದ್ರ ನಗ್ತಾರ."

ಅವರ ಮಾತಿಗೆ ಸುಹಾಸಿನಿ, ಬೆರಳು ಸಸಿಯೊಳಗೆ ಇಳಿಯದಂತೆ ತಡೆಯುವ ಬಿಗಿತವನ್ನು ಏರಿಸಿದ್ದಳು. ಚಿತ್ರ ಚಂದವಾಯಿತು. ಆದರೆ ಲೆಕ್ಕದಲ್ಲಿ ಬೆರಳು ಸಸಿಗೆ ತಾಗಿದ ಕೂಡಲೇ ಪುಟಿದು ದೂರ ಹೋಗತೊಡಗಿತು. ಹಿಡಿತ ಸಾಲದೇನೋ ಎಂದು ಅದನ್ನೂ ಹೆಚ್ಚಿಸಿದಳು. ಅದೇ ಅಂಕಿ ಯಂತ್ರಕ್ಕೆ ಹೋದ ಮೇಲೆ ಗದ್ದೆಯಲ್ಲಿ ಸಸಿ ಮುರಿಯದೆ ಇನ್ನೇನಾದೀತು?

ಮರುದಿನ ಬೀರೇಶ ಹಿಂದವಾಡಿಯಲ್ಲಿದ್ದ ಕಂಪನಿಯ ಆಫೀಸಿಗೇ ಬಂದ. ಕೈಯಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಸಸಿಗಳಿದ್ದವು.

"ನಿನ್ನೆ ಭಾಳ ಜೋರಾಗಿ ಮಾತಾಡಿದೆ. ತಪ್ಪಾತ್ರಿ. ಇವು ಎಷ್ಟು ಬಾಗ್ತಾವು ಅಂತ ಇಬ್ಬರೂ ಕೂಡಿ ಅಳಿಯೂಣು?"

ಹುಡುಗಿಗೆ ಸಿಟ್ಟು ಬೇಗ ಬರುತ್ತದೆ, ಹೋಗುವುದೂ ಅಷ್ಟೇ ಬೇಗ! ಅವನು ಒಂದೊಂದೇ ಸಸಿಯನ್ನು ಬಾಗಿಸಿ ಅಳೆದ. ಅವಳು ಆ ಅಳತೆ ಹಾಕಿ ಬೆರಳು, ಸಸಿ ಎರಡನ್ನೂ ಬಾಗುವ ವಸ್ತುಗಳೆಂದೇ ಮತ್ತೆ ಲೆಕ್ಕ ಹಾಕಿದಳು. ಲೆಕ್ಕ ಮುಗಿಯಲು ಗಂಟೆಗಟ್ಟಲೆ ಬೇಕು. ಆ ಹೊತ್ತೆಲ್ಲ ಚಹಾ, ಹರಟೆ, ಸುಮ್ಮಸುಮ್ಮನೆ ನಗು...

'ಇವನು ಎದ್ದು ಹೋದರೆ ಆಫೀಸು ಯಾಕೆ ಖಾಲಿ ಅನಿಸುತ್ತೆ?' ಎಂದು ಸುಹಾಸಿನಿ ತನ್ನನ್ನೇ ಕೇಳಿಕೊಂಡಳು. ಉತ್ತರ ಗೊತ್ತಿತ್ತು. ಅದಕ್ಕೇ ಭಯವಾಯಿತು. ಅವಳದು ಕಟ್ಟುನಿಟ್ಟಾದ ಜೈನ ಮನೆ, ಅವನದು ಕುರಿ ಸಾಕಿ ಬೆಳೆದ ಮನೆತನ. ಅವ್ವ ಚಂಪಾಬಾಯಿಗೆ ಹೇಳುವುದು ಹೇಗೆ?

ಎರಡನೇ ಪರೀಕ್ಷೆಯ ದಿನ ಧನ್ಯಕುಮಾರರೂ ಗದ್ದೆಗೆ ಬಂದಿದ್ದರು. ಸುಹಾಸಿನಿ ಕಳಿಸಿದ ಹಿಡಿತದ ಅಂಕಿಯನ್ನು ಬೀರೇಶ ಯಂತ್ರಕ್ಕೆ ಹಾಕಿದ. ಯಂತ್ರ ಹೊರಟಿತು. ಸಸಿಗಳು ಮತ್ತೆ ಮುರಿದವು!

"ಇದು ಯಾರ ತಪ್ಪು?" ಮಾಲೀಕರ ದನಿ ಏರಿತು.

ಸುಹಾಸಿನಿ ಗಾಬರಿಯಲ್ಲಿ ಬೀರೇಶನತ್ತ ಬೆರಳು ಮಾಡಿದಳು. "ನಾ ಸರಿಯಾಗೇ ಕಳಿಸಿದ್ದೆ! ಇವರು ನೋಡದ ಹಾಕ್ಯಾರ. ಕಣ್ಣ ಮುಚ್ಚಿ ಕೆಲಸಾ ಮಾಡಿದ್ರ ಹಿಂಗ ಆಗೂದು!"

ಬೀರೇಶ ಅವಳನ್ನೇ ನೋಡಿದ.

"ನಾ ಬ್ಯಾರೆ ಕಡೆ ಕೆಲಸಾ ನೋಡ್ಕೊತೀನ್ರಿ ಸರ್," ಎಂದಷ್ಟೇ ಹೇಳಿ ಹೊರಟುಹೋದ.

ಆಫೀಸಿಗೆ ಮರಳಿ ಸುಹಾಸಿನಿ ಫೈಲು ತೆರೆದಳು. ಗಿರಾಕಿಗೆ ತೋರಿಸುವ ವಿಡಿಯೋಗಾಗಿ ಬಿಗಿತ ಏರಿಸಿ ಇನ್ನೊಂದು ಪ್ರತಿ ಮಾಡಿಟ್ಟಿದ್ದಳು. ಗಡಿಬಿಡಿಯಲ್ಲಿ ಬೀರೇಶನಿಗೆ ಕಳಿಸಿದ್ದು ಅದರ ಅಂಕಿಯನ್ನೇ!

'ಅಯ್ಯೋ ದೇವರೇ... ನಾನೇ! ನಾನೇ ಮಾಡಿ ಅವನ ತಲೆಗೆ ಕಟ್ಟಿದೆ!'

ಮಾಲೀಕರಿಗೆ ಇದ್ದದ್ದನ್ನೆಲ್ಲ ಹೇಳಿದಳು. ಬೀರೇಶನಿಗೆ ಫೋನು ಮಾಡಿದಳು, ಅವನು ಎತ್ತಲಿಲ್ಲ. ಅವನು ಇನ್ನೂ ಗದ್ದೆಯಲ್ಲೇ ಇರಬಹುದೆಂದು ಸಿಕ್ಕ ಬಸ್ಸು ಹತ್ತಿ ಖಾನಾಪುರಕ್ಕೆ ಹೊರಟಳು. ದಾರಿಯುದ್ದಕ್ಕೂ ಒಂದೇ ಚಿಂತೆ, ಅವನು ಮುಖ ತಿರುಗಿಸಿಬಿಟ್ಟರೆ?

ಬೀರೇಶ ತಮ್ಮಣ್ಣನ ಗದ್ದೆಯಲ್ಲೇ ಇದ್ದ. ಯಂತ್ರ ಕೆಡಿಸಿದ ಸಾಲುಗಳಲ್ಲಿ ಕೈಯಿಂದ ಹೊಸ ಸಸಿ ನೆಡುತ್ತಿದ್ದ. ಸುಹಾಸಿನಿ ಚಪ್ಪಲಿ ಬಿಟ್ಟು ಕೆಸರಿಗಿಳಿದಳು.

"ಬೀರೇಶ... ತಪ್ಪು ನಂದು. ನಾನ ಬ್ಯಾರೆ ಅಂಕಿ ಕಳಿಸಿದ್ದೆ. ಸರ್ ಮುಂದ ಹೇಳಿ ಬಂದೀನಿ."

"ಗೊತ್ತಿತ್ರಿ," ಎಂದ ಅವನು ತಲೆ ಎತ್ತದೆ. "ಹಾಕೂ ಮುಂದನ ಅಂಕಿ ಜಾಸ್ತಿ ಐತಿ ಅನಿಸಿತ್ತು."

"ಮತ್ತ ಯಾಕ ಕೇಳ್ಲಿಲ್ಲ?!"

ಅವನು ಕೈಯಲ್ಲಿದ್ದ ಸಸಿಯನ್ನು ಕೆಸರಿಗೆ ಊರಿದ.

"ಮೊದಲನೇ ದಿನ ಕೇಳಿದ್ದೆನಲ್ಲ... ನಿಮ್ಮ ಕಣ್ಣಾಗ ನೀರು ಬಂದಿತ್ತು. ಇನ್ನ ಮ್ಯಾಲ ಈಕೀಗಿ ಮಂದಿ ಮುಂದ ಪ್ರಶ್ನಾ ಮಾಡೂದಿಲ್ಲ ಅಂತ ಅವತ್ತ ಠರಾವ್ ಮಾಡಿದ್ದೆ."

ಸುಹಾಸಿನಿ ಅವನ ಎದುರು ಬಂದು ನಿಂತಳು. ಪ್ರೀತಿಯೂ ಸಿಟ್ಟೂ ಒಟ್ಟಿಗೇ ಉಕ್ಕಿ ಬಂದವು.

"ನನ್ನ ಗಾಜಿನ ಗೊಂಬಿ ಅಂತ ತಿಳಿದೀರೇನು? ಕೇಳಿದ್ರ ಒಂದ್ ಗಳಿಗಿ ಅಳ್ತಿದ್ದೆ, ಅಷ್ಟ! ನೀವು ಬಾಯಿ ಮುಚ್ಕೊಂಡು ಹೋಗಿದ್ದು... ಅದು ತಡಕೊಳ್ಳಾಕ ಆಗವಲ್ತು. ಜಗಳಾ ಮಾಡ್ರಿ, ಬೈರಿ... ಆದ್ರ ಹಿಂಗ ಬಿಟ್ಟ ಹೋಗಬ್ಯಾಡ್ರಿ."

ಬೀರೇಶ ಎದ್ದು ನಿಂತ. ಅವನ ಕಣ್ಣೂ ಒದ್ದೆಯಾಗಿತ್ತು.

"ಹಂಗಾದ್ರ ಈಗ ಒಂದ್ ಕೇಳ್ಲಿ?"

"ಕೇಳ್ರಿ."

"ನನ್ನ ಲಗ್ನಾ ಆಗ್ತೀರೇನು?"

ಅವಳು ಅಳುತ್ತಲೇ ತಲೆಯಾಡಿಸಿದಳು. ಮರುಕ್ಷಣವೇ ಅವ್ವನ ಮುಖ ನೆನಪಾಯಿತು, ಓಣಿಯ ಜನ ಆಡುವ ಮಾತು ನೆನಪಾಯಿತು. ಕೆಸರಾದ ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಮನ್ಯಾಗ ಒಪ್ಪೂದಿಲ್ರಿ."

"ನಮ್ಮ ಮನ್ಯಾಗೂ ಒಪ್ಪೂದಿಲ್ಲ."

"ನಿಮಗ ಹೆದರಿಕಿ ಆಗವಲ್ತೇನು?"

"ಭಾಳ ಆಗೇತಿ ಸುಹಾಸಿನಿ," ಎಂದ ಬೀರೇಶ. "ನಾಳೆ ಮೊದಲ ನಿಮ್ಮ ಮನಿಗೆ ಹೋಗೂಣು. ನಾನೂ ಬರ್ತೀನಿ."